ಇವರು ಸುಳ್ಳು ಹೇಳಿರಲಿ

೯ ಜೂನ್ ೨೦೦೩, ಬೆಳಗ್ಗೆ

ಈ ಪುಸ್ತಕ ತೆಗೆದ ಕೈಗೆ ನಾಚಿಕೆ ಇಲ್ಲವೇ? ಇಡಿ ಕೆಳಗೆ. ಹೋದ ವಾರ ಅಲಮಾರಿಯಲ್ಲಿ ಸೀರೆಯ ಕೆಳಗೆ ಇಟ್ಟಿದ್ದೆ. ನಿನ್ನೆ ನೋಡಿದರೆ ಸೀರೆಯ ಮೇಲೆ ಕೂತಿದೆ. ಪುಸ್ತಕಕ್ಕೇನು ಕಾಲು ಬಂದವೇ? ಮಗ ಶಿವಾನಂದ ಹೈದರಾಬಾದಿನಲ್ಲೇ ಹುಟ್ಟಿ ತೆಲುಗು ಕಲಿತವನು. ಸೊಸೆ ವರಂಗಲ್ಲಿನವಳು. ಮೊಮ್ಮಗಳು ಮಧುರಾಗೆ ಇಂಗ್ಲಿಷ್ ಬಿಟ್ಟರೆ ಕಂಪ್ಯೂಟರ್ ಭಾಷೆ. ಈ ಮನೆಯಲ್ಲಿ ಕನ್ನಡ ಓದುವವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ಯಜಮಾನರು, ಇವರನ್ನು ಕೇಳಿದರೆ ಮಾತ್ರ, “ನಿನ್ನ ಪುರಾಣ ನಾ ಯಾಕ ಓದ್ಲಿ?” ಎಂಬ ಉತ್ತರ. ಇನ್ನು ಮುಂದೆ ಎಲ್ಲಿ ಇಡುತ್ತೇನೆಂದು ಇಲ್ಲಿ ಬರೆಯುವುದಿಲ್ಲ. ನಾಲ್ಕನೇ ಇಯತ್ತೆ ಕಲಿತವಳಾದರೂ ಅಷ್ಟು ಬುದ್ಧಿ ಇದೆ.

ಇವತ್ತು ಇವರು ಪರೀಕ್ಷೆಗೆ ರಕ್ತ ಕೊಡುವ ದಿನ. ದೊಡ್ಡ ಕರುಳಿನ ಗಡ್ಡೆ ತೆಗೆಸಿ ಒಂದೂವರೆ ವರ್ಷ. ಅಂದಿನಿಂದ ಮೂರು ತಿಂಗಳಿಗೊಮ್ಮೆ ಇದೇ ಹಾಡು. ಸಿ.ಇ.ಎ. ಅಂತೆ ಪರೀಕ್ಷೆಯ ಹೆಸರು. ಐದರೊಳಗೆ ಇದ್ದರೆ ನೆಮ್ಮದಿ. ಏರಿದರೆ ಕ್ಯಾನ್ಸರ್ ತಿರುಗಿ ಬಂದಿರಬಹುದು. ಬಹುದು! ಡಾಕ್ಟರು ಈ ‘ಬಹುದು’ ಒಂದನ್ನು ಕಲಿಯಲಿಕ್ಕೆ ಅಷ್ಟು ವರ್ಷ ಓದಿದರೋ ಏನೋ.

ಉಪವಾಸ ಬೇಕಾಗಿಲ್ಲ ಎಂದು ಮಧುರಾ ಪ್ರತಿ ಸಲ ಹೇಳುತ್ತಾಳೆ. ಇವರು ಚಹಾ ಕೂಡ ಮುಟ್ಟುವುದಿಲ್ಲ. ಹಸಿದು ಹೋದರೆ ನಂಬರು ಇಳಿದೀತು ಎಂಬ ಆಸೆ. ಬರುವಾಗ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಇಡ್ಲಿ. ಮನೆಗೆ ಬಂದು ರೊಟ್ಟಿಗೆ ಕೈಚಾಚುವುದು ಬೇರೆ.

೧೧ ಜೂನ್, ಸಂಜೆ

ಮಧುರಾ ಅಮೀರ್‌ಪೇಟ್ ಕ್ಲಾಸಿನಿಂದ ಬರುವಾಗ ರಿಪೋರ್ಟ್ ತಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಅಷ್ಟರಲ್ಲೇ ನನಗೆ ತಿಳಿಯಿತು.

“ಎಷ್ಟ ಐತವಾ?”

“ಏಳೂವರೆ, ಆಯಿ.”

“ಹೋದ ಸಲ?”

“ಎರಡೂವರೆ ಇತ್ತು.”

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. “ಮಷೀನ್ ಕೆಟ್ಟಿರಬೇಕು. ನಮ್ಮ ಫ್ಯಾಕ್ಟರ್‍ಯಾಗ ಅಳತೀ ಗೇಜ್ ಕೆಟ್ರ ಇಡೀ ಲಾಟ್ ರಿಜೆಕ್ಟ್ ಆಗತಿತ್ತು, ಮಾಲ್ ಛಲೋನ ಇದ್ರೂ.”

“ನೀವು ಮಾಲ್ ಅಲ್ಲರೀ,” ಎಂದೆ.

ಪೇಪರು ಮುಖಕ್ಕೆ ಏರಿಸಿದರು. ಅರ್ಧ ತಾಸು ಪೇಪರಿನ ಅದೇ ಪುಟ.

೧೪ ಜೂನ್

ಸ್ಕ್ಯಾನ್ ಆಯಿತು. ಏನೂ ಕಾಣಲಿಲ್ಲವಂತೆ. ನಾನು ಕೈಮುಗಿಯುವಷ್ಟರಲ್ಲಿ ಡಾಕ್ಟರು — ಸ್ಕ್ಯಾನಿಗೆ ಕಾಣುವ ಮೊದಲೇ ರಕ್ತಕ್ಕೆ ಗೊತ್ತಾಗಿರಬಹುದು ಎಂದರು. ಬೇರೆ ಕಾರಣಕ್ಕೆ ಸುಮ್ಮನೆ ಏರಿರಲೂಬಹುದು. ಜುಲೈನಲ್ಲಿ ಮತ್ತೆ ರಕ್ತ. ಇನ್ನೂ ಏರಿದ್ದರೆ ಹೊಟ್ಟೆ ತೆರೆದು ನೋಡಬೇಕಾಗಬಹುದು.

ತೆರೆದು ನೋಡಲಿಕ್ಕೆ ಅದೇನು ಅಲಮಾರಿಯೇ?

ಏಳುವ ಹೊತ್ತಿಗೆ ಕೇಳಿದರು, ಹಿಂದಿಯಲ್ಲಿ — ಸಿಗರೇಟು ಸೇದುತ್ತೀರಾ? ಇವರು ಡಾಕ್ಟರ ಮುಖ ನೋಡಲಿಲ್ಲ. ನನ್ನ ಮುಖ ನೋಡಿದರು. “ನಹೀ ಸಾಬ್. ಆಪರೇಶನ್ ಕೇ ದಿನ್ ಛೋಡಾ.”

ಆಪರೇಶನ್ ದಿನವೇ ಬಿಟ್ಟರೆಂದು ಡಾಕ್ಟರು ಬರೆದುಕೊಂಡರು. ಆದರೆ ಆ ನೋಟ...

೧೬ ಜೂನ್

ಮಧುರಾ ನೆಟ್ ಸೆಂಟರಿನಲ್ಲಿ ಕೂತು ಓದಿ ಬಂದಿದ್ದಾಳೆ. ರೊಟ್ಟಿ ಬಡಿಯುತ್ತಿದ್ದೆ. ಕಿವಿಯ ಹತ್ತಿರ ಬಂದು ಹೇಳಿದಳು.

“ಆಯಿ, ಸಿಗರೇಟ್ ಸೇದೋರಿಗೂ ಈ ನಂಬರ್ ಸ್ವಲ್ಪ ಜಾಸ್ತಿ ಇರತೈತಂತ. ಕ್ಯಾನ್ಸರ್ ಇಲ್ದಿದ್ರೂ. ಅದಕ್ಕ ಡಾಕ್ಟರ್ ಕೇಳಿದ್ದು. ಮುತ್ಯಾ ಕದ್ದು ಸೇದಾಕತ್ತಾನೇನು?”

ರೊಟ್ಟಿ ಹಂಚಿನ ಮೇಲೆ ಕರಕಾಯಿತು.

ಮದುವೆಯಾದಾಗಿನಿಂದ ಆ ಹೊಗೆಯ ಜೊತೆ ಜಗಳ. ಪಾಕೀಟು ನೀರಿಗೆ ಹಾಕಿದ್ದೇನೆ, ಒಲೆಗೆ ಹಾಕಿದ್ದೇನೆ, ನಾಲ್ಕು ಜನರ ಮುಂದೆ ಜೇಬಿನಿಂದ ಕಿತ್ತುಕೊಂಡಿದ್ದೇನೆ. ಇವತ್ತು ಇವರು ಸ್ನಾನಕ್ಕೆ ಹೋದಾಗ ಗೂಟದ ಮೇಲಿನ ಅಂಗಿ ತೆಗೆದು ಮೂಗಿಗೆ ಒತ್ತಿಕೊಂಡೆ. ಬೆವರು. ನೀಲಗಿರಿ ಎಣ್ಣೆ. ಇನ್ನೊಂದು ಅಂಗಿ. ಅದೂ ಬೆವರು. ಜೇಬಿನಲ್ಲಿ ಬಸ್ ಟಿಕೀಟು, ಎರಡು ಲವಂಗ.

ಲವಂಗ ಯಾಕೆ? ಬಾಯಿಯ ವಾಸನೆ ಮುಚ್ಚಲಿಕ್ಕೋ? ಹಲ್ಲು ನೋವಿಗೋ?

ದೇವರೇ, ಇವರು ಸುಳ್ಳು ಹೇಳಿರಲಿ. ಕದ್ದು ಸೇದುತ್ತಿರಲಿ. ಎಂಥ ಬೇಡಿಕೆ ಬೇಡಿಸುತ್ತೀಯಪ್ಪಾ ನನ್ನ ಬಾಯಿಂದ.

೨೩ ಜೂನ್

ಒಂದು ವಾರ ಮೂಸಿದ್ದೇ ಬಂತು. ಪುಸ್ತಕ ಮುಟ್ಟಲು ಮನಸ್ಸಿರಲಿಲ್ಲ.

ಇವತ್ತು ಮೂಲೆಯ ಪಾನ್ ಡಬ್ಬಾ ಅಂಗಡಿಗೆ ಹೋದೆ. ಖಾಸಿಂ ಭಾಯಿ ನನ್ನನ್ನು ಕಂಡದ್ದೇ ಸುಣ್ಣದ ಡಬ್ಬಿ ಕೆಳಗಿಟ್ಟು ಎದ್ದು ನಿಂತ. ಹಿಂದೆ ಒಮ್ಮೆ ಅಲ್ಲೇ ನಿಂತು ಕೂಗಾಡಿದ್ದು ಮರೆತಿಲ್ಲ ಅವನು.

“ಸಾಬ್ ಸಿಗರೇಟ್ ಲೇತೇ ಕ್ಯಾ?”

ಯಾವಾಗಲೋ ಬಿಟ್ಟರು ಎಂದು ಕಿವಿ ಮುಟ್ಟಿಕೊಂಡ. “ನೈ ಅಮ್ಮಾ! ಕಬ್ ಕಾ ಛೋಡ್ ದಿಯೇ ಉನೋ.”

ಬೈಯಲು ಬಂದಿಲ್ಲ, ನಿಜ ಹೇಳು, ಕೊಂಡಿದ್ದರೆ ನನಗೆ ಸಂತೋಷವೇ ಎಂದೆ. ಸಂತೋಷ ಎಂದ ಮೇಲೆ ಇನ್ನೂ ಹೆದರಿದ. ಖುದಾ ಕಸಂ ಎಂದು ಆಣೆ ಇಟ್ಟ. ಅವತ್ತು ಕೂಗಾಡಿದಾಗಲೂ ಇದೇ ಕಿವಿ ಮುಟ್ಟಿದ್ದ, ಇದೇ ಕಸಂ ಹಾಕಿದ್ದ. ಇವರ ಪಾಕೀಟು ಅವನ ಗಾದಿಯ ಕೆಳಗೇ ಇತ್ತು. ಇವತ್ತಿನದು ನಿಜವೋ, ಅದೇ ಹಳೆಯ ದೋಸ್ತಿಯೋ? ಯಾವ ಲ್ಯಾಬಿನಲ್ಲಿ ತೋರಿಸಲಿ ಇವನ ಮುಖವನ್ನು?

ಮಧ್ಯಾಹ್ನ ಬಡಿಸುವಾಗ ನೇರ ಕೇಳಿಬಿಟ್ಟೆ. “ಸೇದಾಕತ್ತೀರೇನು? ಖರೇ ಹೇಳ್ರಿ.”

ಇವರು ತುತ್ತು ಕೆಳಗಿಟ್ಟರು. “ಅಂಬೂ, ಯಾವ ಉತ್ತರ ಕೊಟ್ರ ನೀ ಊಟ ಮಾಡ್ತಿ, ಅದನ್ನ ಹೇಳು. ಅದನ್ನ ಕೊಡ್ತೀನಿ.”

“ನಾ ಉತ್ತರ ಕೇಳಿಲ್ಲ. ಖರೇ ಕೇಳೀನಿ.”

“ಪಲ್ಯಾದಾಗ ಉಪ್ಪ ಇಲ್ಲ. ಇದು ಖರೇ.”

ಉಪ್ಪಿನ ಡಬ್ಬಿಯನ್ನೇ ತಾಟಿನ ಮುಂದೆ ಕುಕ್ಕಿ ಬಂದೆ.

೨೬ ಜೂನ್

ಸಿಕ್ಕಿತು! ಮಾಳಿಗೆಯ ಮೇಲೆ ಕರಿಬೇವಿನ ಕುಂಡದಲ್ಲಿ. ಸಿಗರೇಟಿನ ತುಂಡು, ಪಕ್ಕದಲ್ಲಿ ಬೆಂಕಿಕಡ್ಡಿ. ಅಲ್ಲೇ ಕೂತು ಅತ್ತೆ, ನಕ್ಕೆ. ಒಣಗಿದ ಬಟ್ಟೆ ತೆಗೆಯಲು ಬಂದ ಪಕ್ಕದ ಮನೆಯ ಪ್ರಫುಲ್ಲಾ ನೋಡಿ ಏನು ತಿಳಿದಳೋ.

ಕೆಳಗೆ ಬಂದು ಹೇಳಿದ್ದೇ ತಡ, ಶಿವಾನಂದ ಅಪ್ಪನ ಮೇಲೆ ರೇಗಿದ. “ನಮ್ಮನ್ನ ಜೀವಾ ಕೈಯಾಗ ಹಿಡ್ಕೊಂಡ್ ಕೂಡಿಸಿ ನೀವ್ ಮಾಳಿಗಿ ಮ್ಯಾಲ ಹೊಗಿ ಬಿಡಾಕತ್ತೀರೇನಪ್ಪಾ?” ಇವರು ತಲೆ ತಗ್ಗಿಸಿ, “ಹೌದಪಾ, ತಪ್ಪಾತು,” ಎಂದರು. ಒಂದೇ ಸಲಕ್ಕೆ ಒಪ್ಪಿಕೊಂಡರು. ಒಂದನೇ ತಾರೀಖು ಶಿವಾನಂದ ಡಾಕ್ಟರಿಗೆ ಹೇಳಿ ಬರುತ್ತಾನಂತೆ — ಸೇದುತ್ತಾರೆ, ನಂಬರು ಅದರಿಂದಲೇ ಏರಿದೆ, ಹೊಟ್ಟೆ ತೆರೆಯುವ ಮಾತು ಬೇಡ ಎಂದು.

ಸಿಹಿಗೆಂದು ಸಜ್ಜಕ ಮಾಡಿದೆ. ತುಪ್ಪಕ್ಕೆ ಕೈ ಹಿಡಿಯಲಿಲ್ಲ. ಇವರು ಎರಡು ಸಲ ಹಾಕಿಸಿಕೊಂಡರು.

೨೭ ಜೂನ್, ಬೆಳಗ್ಗೆ

ಕರಿಬೇವಿಗೆ ನೀರು ಹಾಕಲು ಹೋದೆ. ತುಂಡು ಅಲ್ಲೇ ಇತ್ತು. ಎಸೆಯಲು ಎತ್ತಿಕೊಂಡೆ. ಬೆಳಕಿಗೆ ಹಿಡಿದೆ.

ಅರ್ಧವೂ ಉರಿದಿಲ್ಲ. ಒಡೆಯದ ಬೂದಿ ಊದುಬತ್ತಿಯ ಬೂದಿಯ ಹಾಗೆ ಉದ್ದಕ್ಕೆ ಮಣ್ಣಿನ ಮೇಲೆ ಬಿದ್ದಿದೆ. ಬಾಯಿಗೆ ಇಡುವ ತುದಿ ಅಂಗಡಿಯಿಂದ ತಂದಾಗಿನಷ್ಟೇ ಗುಂಡಗೆ, ಬೆಳ್ಳಗೆ.

ಇವರು ಬೆರಳು ಸುಡುವ ತನಕ ಸೇದುವ ಮನುಷ್ಯ. ತುದಿಯನ್ನು ಹಲ್ಲಿನಿಂದ ಜಜ್ಜಿ ಚಪ್ಪಟೆ ಮಾಡುವ ಮನುಷ್ಯ. ಮದುವೆಯಾದಾಗಿನಿಂದ ಇವರ ತುಂಡುಗಳನ್ನು ಗುಡಿಸಿದವಳು ನಾನು. ಇದಕ್ಕೆ ಬಾಯಿಯೇ ತಾಗಿಲ್ಲ. ಹಚ್ಚಿ, ಕೈಯಲ್ಲಿ ಹಿಡಿದು, ಸ್ವಲ್ಪ ಸುಡಗೊಟ್ಟು ಕುಂಡದಲ್ಲಿ ಚುಚ್ಚಿದ್ದಾರೆ. ನಾನು ದಿನಾ ಕರಿಬೇವು ಕೀಳುವ ಕಡೆಗೇ.

ಕೆಳಗೆ ಬಂದು ಪುಸ್ತಕ ನೋಡಿದೆ. ಬೆನ್ನು ಗೋಡೆಗೆ ಮಾಡಿ ಇಟ್ಟಿದ್ದೆ. ಈಗ ಹಾಳೆಗಳ ಬಾಯಿ ಗೋಡೆಗಿದೆ. ಹದಿನಾರನೇ ತಾರೀಖಿನ ಹಾಳೆಯ ಮೇಲೆ ಹೆಬ್ಬೆರಳಿನ ಎಣ್ಣೆಯ ಗುರುತು. ನೀಲಗಿರಿಯ ವಾಸನೆ.

ನಾನು ದೇವರನ್ನು ಬೇಡಿದರೆ ನಡುವೆ ನೀವು ಕೈ ಹಾಕಿ ಕೊಡುವುದೇ?

ಅದೇ ದಿನ, ಮಧ್ಯಾಹ್ನ

ಓದುತ್ತಿರುವವರೇ. ನಿಮಗೇ.

ನನ್ನನ್ನು ನಗಿಸಲಿಕ್ಕೆ ಮಾಡಿದಿರಿ, ಗೊತ್ತಿದೆ. ಸಜ್ಜಕ ತಿಂದು ನಕ್ಕಾಯಿತು. ಒಂದನೇ ತಾರೀಖು ಶಿವಾನಂದ ಹೋಗಿ ಹೇಳುತ್ತಾನೆ. ಡಾಕ್ಟರು ನಂಬುತ್ತಾರೆ. ಜುಲೈನಲ್ಲಿ ನಂಬರು ಇನ್ನೂ ಏರಿದರೆ ಓಹೋ ಸಿಗರೇಟು ಎನ್ನುತ್ತಾರೆ, ಸುಮ್ಮನಿರುತ್ತಾರೆ. ಒಳಗಿರುವುದು ಸುಮ್ಮನಿರುತ್ತದೆಯೇ? ಫ್ಯಾಕ್ಟರಿಯಲ್ಲಿ ಗೇಜನ್ನು ನೀವೇ ಕೈಯಿಂದ ತಿರುಗಿಸಿದ್ದರೆ ಏನಾಗುತ್ತಿತ್ತು?

ಇಲ್ಲವೇ ನಿಜವಾಗಿಯೂ ಬೇರೆಲ್ಲೋ ಸೇದುತ್ತಿದ್ದೀರೋ? ಆ ಲವಂಗ? ನನ್ನ ತಲೆ ಕೆಟ್ಟು ಹೋಗಿದೆ. ನಂಬರೂ ಹೇಳುವುದಿಲ್ಲ, ನೀವೂ ಹೇಳುವುದಿಲ್ಲ.

ಮುಖ ನೋಡಿ ಹೇಳಲು ನಿಮಗೆ ಆಗುವುದಿಲ್ಲ. ಕೇಳುವಾಗ ನನ್ನ ಬಾಯಿಯೂ ಸುಮ್ಮನಿರುವುದಿಲ್ಲ. ಅದಕ್ಕೇ ಪುಸ್ತಕ ಅಲಮಾರಿಗೆ ಬಂದಿದೆ, ಸೀರೆಯ ಮೇಲೆಯೇ, ಹುಡುಕುವ ತಾಪತ್ರಯ ಬೇಡ. ಪೆನ್ನು ಒಳಗೇ ಇದೆ. ಕೆಳಗೆ ಜಾಗ ಬಿಟ್ಟಿದ್ದೇನೆ. ಸೇದುತ್ತೀರೋ, ಇಲ್ಲವೋ. ಒಂದು ಮಾತು. ಸೇದುತ್ತೇನೆ ಎಂದರೆ ಬೈಯುವುದಿಲ್ಲ. ಇಲ್ಲ ಎಂದರೆ ಅಳುವುದಿಲ್ಲ, ಅಳುವುದಿದ್ದರೂ ಮಾಳಿಗೆಗೆ ಹೋಗಿ. ಮುಂದಿನ ತಿಂಗಳು ಹುಟ್ಟುವ ಮೊದಲು ಬರೆಯಬೇಕು. ನನಗೆ ಹಿತವಾದದ್ದನ್ನಲ್ಲ, ಖರೆ ಇದ್ದದ್ದನ್ನು. ಮತ್ತೆ ನಾನು ಎದುರಿಗೆ ಕೂತಿರುವಾಗ ಬರೆಯಬೇಡಿ, ನಾನು ಹಾಲು ತರಲು ಹೋದಾಗ ಬರೆಯಿರಿ, ಬಂದು ನೋಡಿದಾಗ ಈ ಜಾಗ ಹೀಗೇ ಖಾಲಿ ಇದ್ದರೆ ಶಿವಾನಂದನಿಗಿಂತ ಮೊದಲು, ಬಾಯಿ ತಾಗದ ಆ ತುಂಡು ಹಿಡಿದು ನಾನೇ ಡಾಕ್ಟರ ಮುಂದೆ ನಿಲ್ಲುತ್ತೇನೆ.