ಅಸಲು ಪೆಟ್ಟಿಗೆಗೆ, ನಕಲು ಪೇಟೆಗೆ

ವಿಮಾನದ ಶೆಡ್ಡಿನ ಪಕ್ಕದ ಕಾಗದಪತ್ರದ ಕೋಣೆ,
ಹದಿನಾಲ್ಕನೇ ತಾರೀಕು, ಗುರುವಾರ

ಮಾನ್ಯ ಅಧ್ಯಕ್ಷರೇ, ನಿಷ್ಪಕ್ಷಪಾತಿ ತೀರ್ಪುಗಾರರೇ, ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿರುವ ಮಹನೀಯರೇ,

ಪ್ರೀತಿಯ ಪುಟ್ಟೀ,

ಶಾಲೆಯ ಚರ್ಚಾಸ್ಪರ್ಧೆಯ ನಮ್ಮ ಹಳೇ ಸಭೆ ಮುಗಿಯಿತು, ಇನ್ನು ನಿನ್ನ ಜೊತೆ ಮಾತು. ಹೇಗಿದ್ದೀಯ? ಆ ವಸತಿಗೃಹದಲ್ಲಿ ನಿದ್ದೆ ಬರುತ್ತಿದೆಯೇ? ಕೆಮ್ಮು ಕಡಿಮೆಯಾಯಿತೇ? ಅಮ್ಮ ಚೆನ್ನಾಗಿದ್ದಾಳೆ. ನೀನು ಕೆಲಸದ ಮೇಲೆ ಅಲ್ಲಿ ಉಳಿದಿದ್ದೀಯ ಎಂದಷ್ಟೇ ಅವಳಿಗೆ ಹೇಳಿದ್ದೇನೆ. "ಹಾರೋ ಮಗಳು ಒಂಬತ್ತು ದಿನದಿಂದ ನೆಲದ ಮೇಲೆ ಕೂತು ಏನ್ ಮಾಡ್ತಿದಾಳೋ?" ಎಂದು ಕೇಳುತ್ತಾಳೆ. ನಾನು ಊಟದ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತೇನೆ.

ಶೆಡ್ಡು ಬಿಕೋ ಎನ್ನುತ್ತಿದೆ. ನಮ್ಮ ಆರು ಸೀಟಿನ ಹಕ್ಕಿಯನ್ನೂ ನಿನ್ನ ಜೊತೆ ಆ ಊರಿನ ವಿಮಾನ ನಿಲ್ದಾಣದಲ್ಲೇ ತಡೆದು ನಿಲ್ಲಿಸಿದ್ದಾರೆ. ಇಲ್ಲಿ ಅದರ ಎಣ್ಣೆ ತೊಟ್ಟಿಕ್ಕಿದ ಕಲೆಯಷ್ಟೇ ಉಳಿದಿದೆ. "ಇಂಜಿನ್ ಸರಿ, ರೆಕ್ಕೆ ಸರಿ, ಒಂದು ಹಾಳೆ ಇಲ್ಲ ಅಂತ ಹಾರಬಾರದಂತೆ" ಎಂದು ಮೆಕ್ಯಾನಿಕ್ ಗೊಣಗುತ್ತಾನೆ. ನಿಯಮ ಅವನಿಗೂ ಗೊತ್ತು: ಖಾಸಗಿ ವಿಮಾನವೇ ಆಗಲಿ, ನೋಂದಣಿ ಪತ್ರದ ಅಸಲು ಒಳಗಿರಬೇಕು, ನಕಲು ನಡೆಯದು. ತನಿಖೆಯವರು ವಿಮಾನದೊಳಗಿನ ನೀಲಿ ಫೈಲು ತೆರೆದಾಗ ಸಿಕ್ಕಿದ್ದು ಬಣ್ಣದ ಜೆರಾಕ್ಸ್. ಹೊರಡುವ ಮುನ್ನ ನೋಡಿಕೊಳ್ಳುವುದು ಪೈಲಟ್ ಹೊಣೆ ಎಂದು ಮಾಲೀಕರು ನಿನ್ನನ್ನು ಕೆಲಸದಿಂದ ದೂರವಿಟ್ಟರು. ನೀನೂ "ತಪ್ಪು ನನ್ನದೇ" ಎಂದು ಬರೆದುಕೊಟ್ಟೆಯಂತೆ. ಸೋಮವಾರದ ವಿಚಾರಣೆಯಲ್ಲಿ ಲೈಸೆನ್ಸ್ ಉಳಿಯುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಅಸಲು ಎಲ್ಲಿ ಹೋಯಿತೋ, ಹೇಗೆ ಹೋಯಿತೋ ಎಂದು ಎಲ್ಲರೂ ಹುಡುಕುತ್ತಿದ್ದಾರೆ. ಕಾಗದ ಕಾಯುವ ಕೆಲಸದ ನಾನೂ.

ಅಪ್ಪನ ಪೆಟ್ಟಿಗೆ ನೆನಪಿದೆಯಲ್ಲ? ತನ್ನ ಅಂಕಪಟ್ಟಿಯನ್ನು ಬಸ್ಸಿನಲ್ಲಿ ಕಳೆದುಕೊಂಡು, ಕೈಗೆ ಬಂದಿದ್ದ ಮೇಷ್ಟ್ರ ಕೆಲಸ ತಪ್ಪಿದ ಮೇಲೆ ನಮ್ಮಿಬ್ಬರಿಗೂ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದ: "ಅಸಲು ಪೆಟ್ಟಿಗೆಗೆ, ನಕಲು ಪೇಟೆಗೆ." ನೀನು ಹಾರುವುದನ್ನು ಕಲಿತು ಅದನ್ನು ಮರೆತೆ. ನಾನು ನೆಲದಲ್ಲೇ ಉಳಿದವನು, ಮರೆಯಲಿಲ್ಲ.

ಧೈರ್ಯವಾಗಿರು. ಅಮ್ಮನ ಆಶೀರ್ವಾದ ಜೊತೆಗಿದೆ. ನನ್ನದೂ ಇದೆ, ಬೇಕೆನಿಸಿದರೆ ಇಟ್ಟುಕೋ.

ನಿನ್ನ
ಅಣ್ಣ

ತಾ.ಕ.: ಮಾಲೀಕರ ನೀರಿನ ಬಾಟಲಿ ಸೋರಿ ಆ ನೀಲಿ ಫೈಲಿನ ಮೂಲೆ ನೆನೆದಿತ್ತು. ನೋಂದಣಿ ಪತ್ರದ ಅಸಲು ಹಾಳಾದೀತೆಂದು ನಾನೇ ತೆಗೆದು, ಒಣಗಿಸಿ, ಕಬ್ಬಿಣದ ಬೀರುವಿನಲ್ಲಿಟ್ಟೆ. ಜೆರಾಕ್ಸ್ ಹಾಕಿದವನೂ ನಾನೇ. ನೀನು ಹೊರಟ ಬೆಳಿಗ್ಗೆ ವಿಮಾನದ ಮೆಟ್ಟಿಲು ಹತ್ತುತ್ತ "ಅಣ್ಣಾ, ಅಸಲು ಇದೆ ತಾನೆ?" ಎಂದು ಕೇಳಿದೆ. ಯಾರು ನೋಡುತ್ತಾರೆ ಅಂದುಕೊಂಡು, ತಲೆಯೆತ್ತದೆ "ಇದೆ" ಎಂದೆ. ಮರೆತು ಹೇಳಿದ್ದಲ್ಲ. ಇದನ್ನೆಲ್ಲ ವಿಚಾರಣೆಯವರಿಗೆಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ನೋಂದಣಿ ಪತ್ರದ ಜೊತೆ ಇದೇ ಲಕೋಟೆಯಲ್ಲಿದೆ. ಸೋಮವಾರ ನಾನೂ ಬರುತ್ತೇನೆ. ಅಷ್ಟರಲ್ಲಿ ಮನಸ್ಸು ಬದಲಾದೀತೆಂದು ಎರಡರ ಅಸಲನ್ನೂ ನಿನಗೇ ಕಳಿಸಿದ್ದೇನೆ. ನಕಲು ಇಟ್ಟುಕೊಂಡಿಲ್ಲ.