ಹೊಟ್ಟೆ ತುಂಬಿದ ಕ್ವೇಲ್‌ಗಳು

ಜುಲೈ 4, ಬೆಳಿಗ್ಗೆ

ಸಾರಿ, ಡೈರಿ. ಟೆಸ್ಟ್‌ಗೆ ಓದುವುದು ಬಿಟ್ಟು ಇಲ್ಲಿ ಗೀಚುತ್ತಿದ್ದೇನೆ. ಹಾಸ್ಟೆಲಿನಲ್ಲೇ ಬೆಳೆದವಳ ಕನ್ನಡ, ಅರ್ಧ ಇಂಗ್ಲಿಷ್ – ಸಹಿಸಿಕೋ. ಈಗಷ್ಟೇ ಶೆಡ್‌ನಿಂದ ಬಂದೆ. ಕೈಯೆಲ್ಲ ಹಕ್ಕಿಗಳ ಫೀಡ್‌ಗೆ ಬೆರೆಸುವ ಮೀನಿನ ಪುಡಿಯ ವಾಸನೆ. ಪಿಎಚ್‌ಡಿ ಮಾಡುವ ಸೀನಿಯರ್ ಅಕ್ಕನ ಫೀಡ್ ಟ್ರಯಲ್‌ಗೆ ಫಸ್ಟ್ ಇಯರ್‌ನಿಂದ ನನ್ನೊಬ್ಬಳನ್ನೇ ಸೇರಿಸಿಕೊಂಡಿದ್ದಾರೆ. ಮೊಟ್ಟೆಯಿಡುವ ಕ್ವೇಲ್ ಹಕ್ಕಿಗಳು, ಅಂದರೆ ಲಾವಕ್ಕಿ. ಒಂದೊಂದು ಪಂಜರಕ್ಕೂ ಬೇರೆ ಫೀಡ್. ಕಿಟಕಿ ಪಕ್ಕದ್ದಕ್ಕೆ ಎನರ್ಜಿ ಜಾಸ್ತಿ, ಪ್ರೋಟೀನ್ ಕಮ್ಮಿ.

ಜುಲೈ 7

ಕಿಟಕಿ ಪಂಜರದಲ್ಲಿ ಮತ್ತೆ ಫೀಡ್ ಉಳಿದಿದೆ. ನಾನೇ ತಪ್ಪು ತೂಗಿದೆನೋ ಎಂದು ಇನ್ನೊಮ್ಮೆ ತೂಗಿದೆ. ಅಕ್ಕ ನಕ್ಕರು.

“ನೀನಲ್ಲ ಕಣೇ. ಎನರ್ಜಿ ಸಾಕಾದ ಕೂಡ್ಲೇ ಅವು ತಿನ್ನೋದು ನಿಲ್ಲಿಸ್ತವೆ. ಪ್ರೋಟೀನ್ ಸಿಕ್ತೋ ಇಲ್ವೋ, ಹೊಟ್ಟೆಗೇನು ಗೊತ್ತು? ಮೊಟ್ಟೆ ನೋಡು, ಗೋಲಿ ಥರ ಚಿಕ್ಕದಾಗಿದೆ.”

“ಪಾಪ ಅಲ್ವಾ ಅಕ್ಕಾ?”

“ಪಾಪ ನೀನು. ಮೂರು ಹೊತ್ತೂ ಬ್ರೆಡ್ಡು, ಜಾಮು. ಆ ಪಂಜರದಲ್ಲೇ ನಿನಗೂ ಒಂದು ಸೀಟ್ ಹಿಡಿದಿಡ್ಲಾ?”

ಮಧ್ಯಾಹ್ನ ಮೆಸ್‌ನಲ್ಲಿ ಬೇಯಿಸಿದ ಮೊಟ್ಟೆ ಕೇಳಿ ಹಾಕಿಸಿಕೊಂಡೆ.

ಜುಲೈ 12

ತಮ್ಮ ತಂಗಿಯ ಹೆರಿಗೆಗೆಂದು ಅಕ್ಕ ಊರಿಗೆ ಹೊರಟರು. ಗೇಟಿನವರೆಗೂ ಒಂದೇ ಮಾತು –

“ಹಕ್ಕಿಗಳನ್ನ ಆಚೀಚೆ ಮಾಡ್ಬೇಡ ತಾಯಿ. ಒಂದು ಕಮ್ಮಿಯಾದ್ರೂ ತಿಂದಿದ್ದರ ಲೆಕ್ಕ ಏರುಪೇರು. ನನ್ನ ಥೀಸಿಸ್ ನಿನ್ನ ಕೈಯಲ್ಲಿದೆ.”

ಹೂಂ ಎಂದೆ. ಆಗಿನಿಂದ ಕೈ ಬೆವರುತ್ತಿದೆ.

ಜುಲೈ 16, ಸಂಜೆ

ಕಿಟಕಿ ಪಂಜರದಲ್ಲಿ ಒಂದರ ಬೆನ್ನಿನ ಗರಿಗಳನ್ನು ಮಿಕ್ಕವು ಕುಕ್ಕಿ ಕಿತ್ತಿವೆ. ಚರ್ಮ ಕೆಂಪಗಾಗಿದೆ. ಪ್ರೋಟೀನ್ ಸಾಲದಿದ್ದರೆ ಹೀಗೂ ಆಗುತ್ತದಂತೆ, ಪುಸ್ತಕದಲ್ಲಿದೆ. ಏನು ಮಾಡಬೇಕೆಂಬುದು ಮಾತ್ರ ಇಲ್ಲ. ಅಕ್ಕನ ಫೋನ್ ಸ್ವಿಚ್ ಆಫ್. ಅವರ ಗೈಡ್ ಸರ್ ಕಾನ್ಫರೆನ್ಸ್‌ಗೆ ಹೋಗಿದ್ದಾರೆ. ನಾಳೆ ನೋಡೋಣ...

ಜುಲೈ 17, ಬೆಳಿಗ್ಗೆ

ರಕ್ತ. ಆ ಹಕ್ಕಿ ಮೂಲೆಗೆ ಒತ್ತಿಕೊಂಡು ಕೂತಿತ್ತು. ಮಿಕ್ಕವು ಸುತ್ತುವರಿದಿದ್ದವು. ಬಾಗಿಲು ತೆರೆದೆ. ಅಂಗೈಯಲ್ಲಿ ಅದರ ಎದೆಬಡಿತ ನನ್ನದಕ್ಕಿಂತ ಜೋರು. ಗಾಯಕ್ಕೆ ಔಷಧಿ ಹಚ್ಚಿ ಖಾಲಿ ಪಂಜರದಲ್ಲಿಟ್ಟೆ. ಇಲ್ಲಿಯವರೆಗೆ ತಿಂದಿದ್ದರ ಲೆಕ್ಕ ಸಿಗಲೆಂದು ಹಳೆಯ ಪಂಜರದಲ್ಲಿ ಉಳಿದ ಫೀಡ್ ತೂಗಿ ಬರೆದಿಟ್ಟೆ. ಯಾಕೋ ಕೈ ಈಗ ಬೆವರುತ್ತಿಲ್ಲ.

ಅಕ್ಕನಿಗೆ ಮೆಸೇಜ್. ಕಳಿಸುವ ಮುಂಚೆ ಇಲ್ಲೊಮ್ಮೆ –

ಅಕ್ಕಾ, ನಿಮ್ಮ ಮಾತು ಮೀರಿದೆ. ಒಂದು ಹಕ್ಕೀನ ಮಿಕ್ಕವು ಕುಕ್ಕಿ ರಕ್ತ ಬರಿಸಿದ್ವು, ಆಚೆ ತೆಗ್ದಿದ್ದೀನಿ. ಬದುಕಿದೆ. ಈಗ ಇದಕ್ಕೆ ಯಾವ ಫೀಡ್ ಹಾಕ್ಲಿ, ಕಿಟಕಿ ಪಂಜರದ್ದನ್ನೇನಾ, ಪ್ರೋಟೀನ್ ಜಾಸ್ತಿ ಇರೋದಾ? ಬಟ್ಟಲು ಖಾಲಿ ಇದೆ, ಇಣುಕಿ ಇಣುಕಿ ನೋಡ್ತಿದೆ. ಬೈಯೋದಿದ್ರೆ ಆಮೇಲೆ ಬೈಯಿರಿ. ಬೇಗ ರಿಪ್ಲೈ ಮಾಡಿ