ಮೀನಿನಂಗಡಿಯ ಸಾಲಿನಲ್ಲಿ ಬೇಲಿ ವ್ಯಾಜ್ಯ

ಸ್ಕಾರ್ಬರೊ, ಗುರುವಾರ

ಅಕ್ಕಾ,

ನನ್ನ ಕೇಸು ಮುಗಿಯಿತು, ನಾನು ಬಾಯಿ ತೆರೆಯದೆಯೇ! ನನ್ನ ಕಕ್ಷಿದಾರಳು ಆಕ್ರಾಯ್ಡಮ್ಮ, ಅವಳ ನೆರೆಯವ ಟಿಂಡಲ್, ಇಬ್ಬರೂ ಬೇಲಿಯ ಎತ್ತರಕ್ಕಾಗಿ ನಾಲ್ಕು ವರ್ಷದಿಂದ ಮಾತು ಬಿಟ್ಟವರು. ಮಧ್ಯಾಹ್ನ ಕೋರ್ಟಿನೆದುರು ಕರಿದ ಮೀನಿನಂಗಡಿಯ ಸಾಲಿನಲ್ಲೂ ಮುಖ ತಿರುಗಿಸಿಕೊಂಡೇ ನಿಂತಿದ್ದರು. ಎರಡು ಗಂಟೆಗೆ ವಾದವಿದೆಯಲ್ಲ ಎಂದು ನಾನು ಸೀದಾ ಮುಂದೆ ನುಗ್ಗಿದೆ. ಇನ್ನೊಬ್ಬ ಮಂತ್ರಿ ರಾಜೀನಾಮೆ ಕೊಟ್ಟರೆಂದು ರೇಡಿಯೊ ಕೂಗಿದಾಗ ಅಲುಗದ ಸಾಲು ಇಡಿಯಾಗಿ ನನ್ನತ್ತ ತಿರುಗಿತು.

"ಸ್ವಾಮಿ, ಸಾಲಿನ ಬಾಲ ಅಲ್ಲಿದೆ," ಎಂದ ಟಿಂಡಲ್.

"ಲಂಡನ್ನಿನೋರಿಗೆ ಅದೆಲ್ಲಿ ಕಾಣ್ಸತ್ತೆ!" ಎಂದಳು ಆಕ್ರಾಯ್ಡಮ್ಮ.

"ಇವರನ್ನ ನಂಬ್ಕೊಂಡಾ ನೀವು ಕೋರ್ಟಿಗೆ ಬಂದಿದ್ದು?" ಎಂದು ಟಿಂಡಲ್ ಅವಳತ್ತ ತಿರುಗಿದ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬೇಲಿ ಒಂದಡಿ ಸವರ್ಸ್ತೀನಿ ಬಿಡಿ. ಮನೆಗೆ ಹೋಗಿ ಟೀ ಕುಡಿಯೋಣ."

ಎರಡು ಗಂಟೆಗೆ ರಾಜಿಪತ್ರಕ್ಕೆ ಸಹಿ ಬಿತ್ತು. ನೆಗಡಿ ಇಳಿದಿದೆ, ಹಸಿವು ಇಳಿದಿಲ್ಲ, ಏಕೆಂದರೆ ಮೀನು ಸಿಗಲಿಲ್ಲ. ರೈಲು ಮುಷ್ಕರವಿಲ್ಲದಿದ್ದರೆ ಶನಿವಾರ ಮನೆ ಸೇರುತ್ತೇನೆ.

ರಾಜಿ ಹೇಗಾಯಿತೆಂದು ನ್ಯಾಯಾಧೀಶರು ಮಾತ್ರ ಕೇಳಲಿಲ್ಲ. ಸಾಲಿನಲ್ಲಿ ನಾನು ತಳ್ಳಿಕೊಂಡು ಮುಂದೆ ಹೋದದ್ದು ಅವರನ್ನೇ.

ಅವಸರದಲ್ಲಿ,
ನಿನ್ನ ತಮ್ಮ ರೂಪರ್ಟ್